ಎದೆಯಲ್ಲೇ ನಿಲ್ಲುವ ತುತ್ತು
(ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ)

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಹಾಸನದ ಹತ್ತಿರ ಒಂದು ಹಳ್ಳಿ. ಒಂದೂವರೆ ವರ್ಷದಿಂದ ನುಂಗಿದ್ದೆಲ್ಲ ಎದೆಯ ನಡುವೆ ನಿಂತುಬಿಡುತ್ತದೆ. ಮುದ್ದೆ ನಿಲ್ಲೋದು ಒಂದು ಕಡೆ ಇರಲಿ, ಒಂದೊಂದು ದಿನ ನೀರೂ ಇಳಿಯಲ್ಲ. ಎದ್ದು ನಿಂತು, ಬೆನ್ನು ಹಿಂದಕ್ಕೆ ಬಾಗಿಸಿ, ಬಿಸಿನೀರು ಗಟಗಟ ಕುಡಿದರೆ ಒಮ್ಮೆಲೇ ಇಳಿಯುತ್ತದೆ. ರಾತ್ರಿ ಮಲಗಿದಾಗ ತಿಂದ ಅನ್ನ ಹಾಗ್ಹಾಗೇ ಬಾಯಿಗೆ ಬರುತ್ತದೆ, ಕೆಮ್ಮಿ ಎದ್ದು ಕೂರುತ್ತೇನೆ. 58 ಕೆಜಿ ಇದ್ದವಳು ಈಗ 49. ಗ್ಯಾಸ್ ಅಂತ ಮಾತ್ರೆ ಕೊಡುತ್ತಲೇ ಇದ್ದಾರೆ. ಆದರೆ ನನಗೆ ತೇಗೇ ಬರಲ್ಲ. ಎಂಡೋಸ್ಕೋಪಿ ನಾರ್ಮಲ್ ಅಂತ ಬಂದ ಮೇಲೆ ಮನೆಯಲ್ಲಿ ‘ಸುಮ್ನೆ ಟೆನ್ಶನ್ ಮಾಡ್ಕೋತೀಯ’ ಅಂತಾರೆ. ನಾಲ್ಕು ಜನರ ಮುಂದೆ ಊಟಕ್ಕೆ ಕೂರಲು ನಾಚಿಕೆ, ಮದುವೆ ಮನೆಗೆ ಹೋಗೋದೇ ಬಿಟ್ಟಿದ್ದೇನೆ.

ಉತ್ತರ: ನಿಮಗಿರುವುದು ಟೆನ್ಶನ್ ಅಲ್ಲ. ಈ ಪತ್ರವನ್ನು ನಿಮ್ಮ ಮನೆಯವರಿಗೂ ಓದಿಸಿ. ನೀವು ಬರೆದಿರುವ ಒಂದೊಂದು ಮಾತೂ ಅಕಲೇಸಿಯಾ ಎಂಬ ಕಾಯಿಲೆಯ ಕಡೆಗೆ ಕೈ ತೋರಿಸುತ್ತಿದೆ. ಪತ್ರ ಓದಿ ಕಾಯಿಲೆ ಖಚಿತ ಮಾಡಲು ಆಗದು. ಆದರೆ ಮುಂದೆ ಯಾವ ಪರೀಕ್ಷೆ ಆಗಬೇಕು ಎಂದು ಖಚಿತವಾಗಿ ಹೇಳಬಲ್ಲೆ.

ಬಾಯಿಂದ ಹೊಟ್ಟೆಗೆ ಹೋಗುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ ಇರುತ್ತದೆ. ನಾವು ನುಂಗಿದಾಗ ಅದರ ಸ್ನಾಯುಗಳು ಮೇಲಿನಿಂದ ಕೆಳಗೆ ಹಿಂಡುತ್ತಾ ತುತ್ತನ್ನು ತಳ್ಳುತ್ತವೆ. ಹೊಟ್ಟೆ ಶುರುವಾಗುವ ಜಾಗದಲ್ಲಿ ಒಂದು ಬಿಗಿಯಾದ ಸ್ನಾಯುಪಟ್ಟಿ ಇದೆ. ನುಂಗಿದಾಗ ಅದು ಸಡಿಲವಾಗಿ ದಾರಿ ಬಿಡಬೇಕು. ಅಕಲೇಸಿಯಾದಲ್ಲಿ ಆ ಸಡಿಲಿಸುವ ನರಕೋಶಗಳೇ ಒಂದೊಂದಾಗಿ ನಾಶವಾಗುತ್ತವೆ. ಕೆಳಗಿನ ಪಟ್ಟಿ ಬಿಗಿಯಾಗೇ ಉಳಿಯುತ್ತದೆ, ಮೇಲಿನ ನಾಳವೂ ಸರಿಯಾಗಿ ತಳ್ಳುವುದಿಲ್ಲ. ತುತ್ತು ಅಲ್ಲೇ ಕಾದು ನಿಲ್ಲುತ್ತದೆ. ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಬಹುತೇಕ ರೋಗಿಗಳಲ್ಲಿ ಸ್ಪಷ್ಟ ಕಾರಣ ಸಿಗುವುದಿಲ್ಲ. ನೀವು ತಿಂದದ್ದರಿಂದ, ಉಪವಾಸ ಮಾಡಿದ್ದರಿಂದ, ಖಾರ ಜಾಸ್ತಿ ಹಾಕಿದ್ದರಿಂದ ಬಂದದ್ದಂತೂ ಅಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಕಾಣಿಸಿಕೊಳ್ಳುವ ಕಾಯಿಲೆ ಇದು. ಊರಿನ ಡಾಕ್ಟರ್‌ಗೆ ಸರ್ವೀಸ್ ಪೂರ್ತಿ ಇಂಥ ಒಬ್ಬ ರೋಗಿಯೂ ಸಿಗದೇ ಇರಬಹುದು. ಎದೆ ಉರಿ, ಗ್ಯಾಸ್ ಎಂದು ಬರುವವರು ಮಾತ್ರ ದಿನಾ ಸಾಲುಗಟ್ಟಿ ಬರುತ್ತಾರೆ. ಹಾಗಾಗಿ ಎಷ್ಟೋ ಜನ ವರ್ಷಗಟ್ಟಲೆ ಗ್ಯಾಸ್ ಮಾತ್ರೆಯಲ್ಲೇ ಕಳೆಯುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ‘ನೀರೂ ಇಳಿಯಲ್ಲ’ ಎಂಬ ಮಾತಿನ ಮೇಲೆ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ಮುದ್ದೆ ಸಿಕ್ಕಿಕೊಂಡರೆ ಎಲ್ಲರೂ ಮುದ್ದೆಯನ್ನೇ ದೂರುತ್ತಾರೆ, ಗಂಜಿ ಕುಡಿ ಎನ್ನುತ್ತಾರೆ. ನಾಳ ಯಾವುದೋ ಗಂಟಿನಿಂದ ಕಿರಿದಾಗಿದ್ದರೆ ಮೊದಲು ಗಟ್ಟಿ ಪದಾರ್ಥ ನಿಲ್ಲುತ್ತದೆ, ನೀರು ಬಹಳ ಕಾಲ ಸಲೀಸಾಗಿ ಹೋಗುತ್ತಿರುತ್ತದೆ. ಗಟ್ಟಿಯದ್ದೂ ನೀರೂ ಮೊದಲಿನಿಂದಲೇ ನಿಲ್ಲುತ್ತಿದ್ದರೆ, ಒಂದು ದಿನ ಸರಿ ಒಂದು ದಿನ ಇಲ್ಲ ಎನ್ನುವಂತಿದ್ದರೆ, ತೊಂದರೆ ನಾಳದ ಚಲನೆಯಲ್ಲಿ ಇರುವ ಸಾಧ್ಯತೆ ಹೆಚ್ಚು.

ಎರಡನೆಯದು, ರಾತ್ರಿ ಬಾಯಿಗೆ ಬರುವ ಅನ್ನ. ಅದಕ್ಕೆ ಹುಳಿ, ಕಹಿ ಇದೆಯೇ? ಹೊಟ್ಟೆಯ ಆಸಿಡ್ ಮೇಲೆ ಬಂದರೆ ಗಂಟಲು ಸುಡುವ ಹುಳಿ ಇರುತ್ತದೆ. ನಿಮಗೆ ಬರುತ್ತಿರುವುದು ‘ಹಾಗ್ಹಾಗೇ’ ಇರುವ ಅನ್ನ. ಅಂದರೆ ಅದು ಹೊಟ್ಟೆಗೆ ಹೋಗಿಯೇ ಇಲ್ಲ. ಎದೆ ಉರಿ ಇದ್ದ ಮಾತ್ರಕ್ಕೂ ಅಕಲೇಸಿಯಾ ಅಲ್ಲ ಎನ್ನಲಾಗದು, ನಾಳದಲ್ಲಿ ನಿಂತ ಅನ್ನ ಹುಳಿತು ಉರಿ ತರುವುದೂ ಇದೆ. ಇನ್ನು ತೇಗು ಬರಲ್ಲ ಎಂದಿರಿ. ಸಡಿಲವಾಗದ ಪಟ್ಟಿ ಅನ್ನವನ್ನು ಕೆಳಗೆ ಬಿಡದ ಹಾಗೆಯೇ ಗಾಳಿಯನ್ನೂ ಮೇಲೆ ಬಿಡುವುದಿಲ್ಲ. ಇದನ್ನು ಡಾಕ್ಟರ್ ಕೇಳದಿದ್ದರೂ ನೀವಾಗಿ ಹೇಳಿ. ಎದ್ದು ನಿಲ್ಲುವುದು, ಬೆನ್ನು ಬಾಗಿಸುವುದು, ಕೈ ಮೇಲೆತ್ತುವುದು, ಬಿಸಿನೀರು ಕುಡಿಯುವುದು, ಇವೆಲ್ಲ ಈ ಕಾಯಿಲೆಯವರು ಯಾರೂ ಹೇಳಿಕೊಡದೆ ತಾವೇ ಕಂಡುಕೊಳ್ಳುವ ಉಪಾಯಗಳು. ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಎಂಡೋಸ್ಕೋಪಿ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದು ನಾಳದ ಒಳಗೋಡೆಯನ್ನು ತೋರಿಸುತ್ತದೆ. ಕಾಯಿಲೆ ಇರುವುದು ಗೋಡೆಯೊಳಗಿನ ನರ, ಸ್ನಾಯುಗಳಲ್ಲಿ. ಶುರುವಿನಲ್ಲಿ ನಾಳ ಹಿಗ್ಗಿರುವುದಿಲ್ಲ, ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಆ ಪರೀಕ್ಷೆ ಹಾಳಾಗಲಿಲ್ಲ, ಗಂಟು ಹುಣ್ಣು ಇಲ್ಲ ಎಂದು ಗೊತ್ತಾಯಿತು.

ಈಗ ನೀವು ಕೇಳಬೇಕಾದ್ದು ಬೇರಿಯಂ ಸ್ವಾಲೋ ಎಕ್ಸ್‌ರೇ. ಸುಣ್ಣದ ತಿಳಿಯಂಥ ಬಿಳಿ ದ್ರವ ಕುಡಿಸಿ, ನಿಲ್ಲಿಸಿ, 1, 2 ಮತ್ತು 5ನೇ ನಿಮಿಷಕ್ಕೆ ಚಿತ್ರ ತೆಗೆಯುತ್ತಾರೆ. ಐದು ನಿಮಿಷ ಕಳೆದರೂ ದ್ರವ ನಾಳದಲ್ಲೇ ನಿಂತು, ಕೆಳತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಂಡರೆ ಕಾಯಿಲೆ ಬಹುಪಾಲು ಹಿಡಿದಂತೆ. ಖಚಿತ ಮಾಡುವುದು ನಾಳದೊಳಗಿನ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಎಂಬ ಪರೀಕ್ಷೆ. ಇದು ದೊಡ್ಡ ಊರುಗಳಲ್ಲೇ ಆಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳಿನ ಕಾಯಿಲೆಗಳಿಗೇ ಸರ್ಕಾರದ ಪ್ರತ್ಯೇಕ ಸಂಸ್ಥೆ ಇದೆ. ಎಲ್ಲಿ, ಎಷ್ಟು ಖರ್ಚು ಎಂಬುದನ್ನು ಅಲ್ಲಿಂದ ವಿಚಾರಿಸಲು ಶುರು ಮಾಡಿ.

ಚಿಕಿತ್ಸೆ ಇದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಇದೆ, ಚೆನ್ನಾಗಿಯೇ ಇದೆ. ಸತ್ತ ನರಕೋಶ ಮರಳಿ ಬರುವುದಿಲ್ಲ, ಆದರೆ ಬಿಗಿದ ಪಟ್ಟಿಯನ್ನು ಬಿಡಿಸಬಹುದು. 17ನೇ ಶತಮಾನದಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು ಇಂಥ ಒಬ್ಬ ರೋಗಿಗೆ ತಿಮಿಂಗಿಲದ ಎಲುಬಿನ ಕಡ್ಡಿ, ಅದರ ತುದಿಗೆ ಸ್ಪಂಜು ಕಟ್ಟಿ ಕೊಟ್ಟರು. ಆತ ಅದರಿಂದಲೇ ಅನ್ನ ತಳ್ಳಿಕೊಂಡು ವರ್ಷಗಟ್ಟಲೆ ಬದುಕಿದ. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಆ ಸ್ನಾಯುವನ್ನು ಸೀಳುವ ಆಪರೇಷನ್ ಮಾಡಿದರು, ಈಗ ಅದೇ ಲ್ಯಾಪರೋಸ್ಕೋಪಿಯಲ್ಲಿ ಆಗುತ್ತದೆ. 2008ರಲ್ಲಿ ಜಪಾನಿನ ಹರುಹಿರೊ ಇನೌಯೆ ಹೊಟ್ಟೆ ಕೊಯ್ಯದೆ, ಬಾಯಿಂದ ಎಂಡೋಸ್ಕೋಪ್ ಇಳಿಸಿ ಸ್ನಾಯು ಸೀಳುವ ‘ಪೋಯೆಮ್’ ವಿಧಾನ ಶುರು ಮಾಡಿದರು. ಅದು ಈಗ ನಮ್ಮ ದೇಶದಲ್ಲೂ ಆಗುತ್ತಿದೆ. ಬಲೂನು ಊದಿ ಹಿಗ್ಗಿಸುವುದು ಇನ್ನೊಂದು ದಾರಿ, ಅದನ್ನು ಮತ್ತೆ ಮಾಡಬೇಕಾಗಬಹುದು. ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ನಿನ ಪರಿಣಾಮ ಸಾಮಾನ್ಯವಾಗಿ ಕೆಲವೇ ತಿಂಗಳು. ಹಾಗಾಗಿ ಆಪರೇಷನ್ ತಡೆಯಲಾರದ ವಯಸ್ಸಾದವರಿಗೆ ಅದನ್ನು ಇಟ್ಟುಕೊಳ್ಳುತ್ತೇವೆ. ನಿಮ್ಮ ವಯಸ್ಸಿಗೆ ನಾನು ಅದನ್ನು ಹೇಳುವುದಿಲ್ಲ.

ಅಲ್ಲಿಯವರೆಗೆ ರಾತ್ರಿ ಊಟ ಬೇಗ ಮುಗಿಸಿ, ಮೂರ್ನಾಲ್ಕು ಗಂಟೆ ಬಿಟ್ಟು ಮಲಗಿ. ಮಂಚದ ತಲೆ ಕಡೆಯ ಕಾಲಿಗೆ ಇಟ್ಟಿಗೆ ಇಟ್ಟು ಎತ್ತರಿಸಿ. ಮಾತ್ರೆ ನುಂಗುವುದಾದರೆ ನಿಂತು, ಜಾಸ್ತಿ ನೀರಿನ ಜೊತೆ ನುಂಗಿ. ನಿಂತ ಅನ್ನ ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಆಗುತ್ತದೆ. ಕೆಮ್ಮಿನ ಜೊತೆ ಜ್ವರ ಬಂದರೆ ಕಾಯಬೇಡಿ. ಮುಂದೆ ಯಾವುದೇ ಆಪರೇಷನ್ನಿಗೆ ಅರಿವಳಿಕೆ ಕೊಡುವ ಮುನ್ನ ‘ನನ್ನ ಅನ್ನನಾಳದಲ್ಲಿ ಊಟ ನಿಲ್ಲುತ್ತದೆ’ ಎಂದು ಅರಿವಳಿಕೆ ಡಾಕ್ಟರ್‌ಗೆ ಹೇಳಲೇಬೇಕು. ಒಂಬತ್ತು ಕೆಜಿ ಇಳಿದಿದೆ, ಇನ್ನು ತಡ ಬೇಡ ತಾಯಿ.

ಪ್ರಶ್ನೆ: ನನಗೆ 64. ಬಳ್ಳಾರಿ. ಮೂರು ತಿಂಗಳಿಂದ ರೊಟ್ಟಿ ಇಳಿಯಲ್ಲ, ಈಗ ಅನ್ನವೂ ಕಷ್ಟ. ಹತ್ತು ಕೆಜಿ ಇಳಿದಿದ್ದೇನೆ. ಬೀಡಿ ಅಭ್ಯಾಸ ಇತ್ತು. ಪರಿಚಯದವರೊಬ್ಬರಿಗೆ ಅಕಲೇಸಿಯಾ ಆಗಿ ಬಲೂನು ಹಾಕಿಸಿ ಗುಣವಾಯಿತು. ನಾನೂ ಹಾಕಿಸಲೇ?

ಉತ್ತರ: ಬಲೂನಿನ ಮಾತು ಆಮೇಲೆ. ಈ ವಾರವೇ ಎಂಡೋಸ್ಕೋಪಿ ಮಾಡಿಸಿ. ಅರವತ್ತು ದಾಟಿದವರಲ್ಲಿ, ಕೆಲವೇ ತಿಂಗಳಲ್ಲಿ, ಮೊದಲು ಗಟ್ಟಿಯದ್ದು ನಿಂತು, ತೂಕ ಸರ್ರನೆ ಇಳಿದರೆ ಮೊದಲು ನೋಡಬೇಕಾದ್ದು ಕ್ಯಾನ್ಸರ್ ಇದೆಯೇ ಎಂದು. ಹೊಟ್ಟೆಯ ಬಾಯಲ್ಲಿ ಬೆಳೆಯುವ ಗಂಟು ಕೆಲವೊಮ್ಮೆ ಥೇಟ್ ಅಕಲೇಸಿಯಾದಂತೆಯೇ ಕಾಣುತ್ತದೆ, ಬೇರಿಯಂ ಚಿತ್ರದಲ್ಲೂ. ಹೆದರಿಸಲು ಹೇಳುತ್ತಿಲ್ಲ. ಬೇಗ ಗೊತ್ತಾದರೆ ಮಾಡಲು ಬಹಳಷ್ಟಿದೆ. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಮ್ಯಾನೋಮೆಟ್ರಿಗೆ ಬರೆದುಕೊಟ್ಟಿದ್ದಾರೆ. ಮೂಗಿನಿಂದ ಪೈಪ್ ಹಾಕ್ತಾರಂತೆ, ಮತ್ತೂ ಬರಿಸಲ್ಲವಂತೆ. ಭಯ ಆಗ್ತಿದೆ. ಬಿಟ್ಟರೆ ನಡೆಯುತ್ತಾ? (ತುಮಕೂರು)

ಉತ್ತರ: ಪೈಪು ತೆಳ್ಳಗಿರುತ್ತದೆ. ಮೂಗಿಗೆ ಮರಗಟ್ಟಿಸುವ ಜೆಲ್ ಹಚ್ಚುತ್ತಾರೆ. ಗಂಟಲು ದಾಟುವಾಗ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅದು ಕಷ್ಟವೇ, ಸುಳ್ಳು ಹೇಳುವುದಿಲ್ಲ. ಆಗ ಗದ್ದ ಎದೆಗೆ ತಾಗಿಸಿ ಸಣ್ಣ ಗುಟುಕು ನುಂಗುತ್ತಿದ್ದರೆ ಬೇಗ ಇಳಿಯುತ್ತದೆ. ಆಮೇಲೆ ಸುಮಾರು ಹತ್ತು ಸಲ, ಒಂದೊಂದು ಚಮಚೆಯಷ್ಟು ನೀರು ನುಂಗಿಸಿ ಕಂಪ್ಯೂಟರಿನಲ್ಲಿ ಒತ್ತಡ ನೋಡುತ್ತಾರೆ. ನೀವು ಎಚ್ಚರವಿದ್ದು ನುಂಗಿದರೆ ತಾನೇ ಗೊತ್ತಾಗುವುದು? ಅದಕ್ಕೇ ಮತ್ತು ಬರಿಸುವುದಿಲ್ಲ. ಬಿಡಬೇಡಿ. ಅಕಲೇಸಿಯಾದಲ್ಲಿ ಮೂರು ಬಗೆ ಇವೆ. ಎರಡನೇ ಬಗೆಯವರಿಗೆ ಯಾವ ಚಿಕಿತ್ಸೆಯೂ ಚೆನ್ನಾಗಿ ಹಿಡಿಯುತ್ತದೆ, ಮೂರನೇ ಬಗೆಯವರಿಗೆ ಪೋಯೆಮ್‌ನಲ್ಲಿ ಉದ್ದಕ್ಕೆ ಸೀಳುವುದು ಹೆಚ್ಚು ಅನುಕೂಲ. ಇದನ್ನು ಹೇಳುವುದು ಈ ಪರೀಕ್ಷೆಯೇ.

ಪ್ರಶ್ನೆ: ಹೋದ ವರ್ಷ ಪೋಯೆಮ್ ಆಯಿತು. ಈಗ ಚಪಾತಿ, ಇಡ್ಲಿ ಎಲ್ಲ ಇಳಿಯುತ್ತೆ. ಆದರೆ ಡಾಕ್ಟರ್ ಮತ್ತೆ ಗ್ಯಾಸ್ ಮಾತ್ರೆ ಬರೆದಿದ್ದಾರೆ. ಆಪರೇಷನ್‌ಗೆ ಮುಂಚೆ ಅದು ಕೆಲಸಕ್ಕೆ ಬರಲ್ಲ ಅಂದಿದ್ದರಲ್ಲ? (ಮೈಸೂರು)

ಉತ್ತರ: ಆಗ ಪಟ್ಟಿ ಬಿಗಿಯಾಗಿತ್ತು, ಆಸಿಡ್ ಮೇಲೆ ಬರಲು ದಾರಿಯೇ ಇರಲಿಲ್ಲ. ಈಗ ಪಟ್ಟಿ ಸೀಳಿದ್ದಾರೆ, ಆಸಿಡ್ ಮೇಲೆ ಬರಬಹುದು. ಪೋಯೆಮ್ ಆದ ಅನೇಕರಿಗೆ ಹೀಗಾಗುತ್ತದೆ, ಎದೆ ಉರಿ ಗೊತ್ತಾಗದೆಯೂ ಒಳಗೆ ಹುಣ್ಣಾಗಬಹುದು. ಮಾತ್ರೆ ತೆಗೆದುಕೊಳ್ಳಿ, ಹೇಳಿದ ಸಮಯಕ್ಕೆ ಎಂಡೋಸ್ಕೋಪಿ ಮಾಡಿಸಿ.

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ಉಂಡ ಮೇಲೆ ಅರ್ಧ ಊಟ ಹಾಗೇ ಹೊರಗೆ ಬರುತ್ತದೆ, ತೂಕ ಏರುತ್ತಿಲ್ಲ. ಹೋದ ತಿಂಗಳು ಜ್ವರ ಬಂದಾಗ ಬೆಳಗಿನ ಜಾವ ಫಿಟ್ಸ್ ಬಂತು, ಸಕ್ಕರೆ ಕಡಿಮೆ ಆಗಿತ್ತು ಎಂದರು. ಮೈಬಣ್ಣವೂ ಕಪ್ಪಾಗುತ್ತಿದೆ. ಇನ್ನೊಂದು ವಿಷಯ, ಹೇಳಬೇಕೋ ಬೇಡವೋ ಗೊತ್ತಿಲ್ಲ. ಹುಟ್ಟಿದಾಗಿನಿಂದ ಅವನು ಎಷ್ಟು ಅತ್ತರೂ ಕಣ್ಣೀರು ಬರಲ್ಲ. ‘ಗಟ್ಟಿ ಹುಡುಗ’ ಅಂತ ಅತ್ತೆ ಹೇಳ್ತಾರೆ. ನಾನು ಸೋದರಮಾವನನ್ನೇ ಮದುವೆಯಾದವಳು. ಎರಡನೆಯದು ಹೆಣ್ಣು ಮಗು, ಏಳು ತಿಂಗಳು. (ಕೊಪ್ಪಳ ಜಿಲ್ಲೆ)

ಉತ್ತರ: ಹೇಳಿದ್ದು ಬಹಳ ಒಳ್ಳೆಯದಾಯಿತು. ಆ ಕಣ್ಣೀರಿನ ಮಾತು ಎಲ್ಲವನ್ನೂ ಒಟ್ಟಿಗೆ ಸೇರಿಸುತ್ತಿದೆ. ಅಕಲೇಸಿಯಾ, ಕಣ್ಣೀರು ಬಾರದಿರುವುದು, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ಸೋಲುವುದು, ಈ ಮೂರೂ ಕೂಡಿ ಬರುವ ಒಂದು ಅಪರೂಪದ ಕಾಯಿಲೆ ಇದೆ. ಹೆಸರು ಟ್ರಿಪಲ್ ಎ ಸಿಂಡ್ರೋಮ್. 1978ರಲ್ಲಿ ಮೊದಲು ವರದಿಯಾಯಿತು. ನಿಮ್ಮ ಮಗನಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ, ಅದನ್ನು ಈಗಲೇ ನೋಡಬೇಕು ಎನ್ನುತ್ತಿದ್ದೇನೆ.

ಇಲ್ಲಿ ನುಂಗುವ ತೊಂದರೆಗಿಂತ ಅಡ್ರಿನಲ್ ತೊಂದರೆ ತುರ್ತಿನದು. ಜ್ವರ, ವಾಂತಿಯಂಥ ಹೊತ್ತಲ್ಲಿ ದೇಹಕ್ಕೆ ಈ ಗ್ರಂಥಿ ತಯಾರಿಸುವ ಕಾರ್ಟಿಸೋಲ್ ಹಾರ್ಮೋನು ಹೆಚ್ಚು ಬೇಕು. ಅದು ಸಾಲದಿದ್ದರೆ ಸಕ್ಕರೆ ಕುಸಿಯುತ್ತದೆ, ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯವಾಗಬಹುದು. ಮೈ ಕಪ್ಪಾಗುವುದೂ ಇದರದ್ದೇ ಗುರುತಿರಬಹುದು. ಬೆಳಗ್ಗೆ ರಕ್ತದಲ್ಲಿ ಕಾರ್ಟಿಸೋಲ್ ಮತ್ತು ಅದನ್ನು ತಯಾರಿಸಲು ಗ್ರಂಥಿಗೆ ಸೂಚನೆ ಕೊಡುವ ಎಸಿಟಿಎಚ್ ಹಾರ್ಮೋನು ನೋಡಿದರೆ ತಿಳಿಯುತ್ತದೆ. ಕಣ್ಣಿಗೆ ಸಣ್ಣ ಕಾಗದದ ಪಟ್ಟಿ ಇಟ್ಟು ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತು ಎಂದು ಅಳೆಯುತ್ತಾರೆ, ನೋವಾಗದು. ಕಾಯಿಲೆ ಇದೆ ಎಂದಾದರೆ ಕಾರ್ಟಿಸೋಲ್ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಮಾತ್ರೆ ದಿನಾ ಕೊಡಬೇಕು, ಜ್ವರ ಬಂದಾಗ ಡಾಕ್ಟರ್ ಹೇಳಿದಷ್ಟು ಹೆಚ್ಚಿಸಬೇಕು, ಒಂದು ದಿನವೂ ನಿಲ್ಲಿಸಬಾರದು. ಕಣ್ಣು ಒಣಗಿ ಹಾಳಾಗದಂತೆ ಹನಿ ಹಾಕಬೇಕು. ಅನ್ನನಾಳದ ಚಿಕಿತ್ಸೆ ಇದೆಲ್ಲ ಹತೋಟಿಗೆ ಬಂದ ಮೇಲೆ. ಅಡ್ರಿನಲ್ ಸರಿ ಮಾಡದೆ ಮತ್ತು ಬರಿಸಲು ಯಾರಾದರೂ ಹೊರಟರೆ ಈ ಪುಟ ತೋರಿಸಿ.

ಇದು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಜೀನ್ ಬಂದಾಗ ಆಗುವಂಥದ್ದು. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಆ ಸಾಧ್ಯತೆ ಜಾಸ್ತಿ. ಅದರಲ್ಲಿ ನಿಮ್ಮ ತಪ್ಪಿಲ್ಲ, ನಿಮ್ಮನ್ನು ಯಾರೂ ದೂರಬಾರದು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ದೊಡ್ಡ ಮಕ್ಕಳ ಆಸ್ಪತ್ರೆಗೆ ಈ ವಾರವೇ ಹೋಗಿ. ಫಿಟ್ಸ್ ಬಂದ ದಿನದ ಚೀಟಿ, ಸಕ್ಕರೆಯ ರಿಪೋರ್ಟು, ಮಗನ ಒಂದು ಹಳೆಯ ಫೋಟೋ ಇಟ್ಟುಕೊಳ್ಳಿ, ಮೈಬಣ್ಣ ಹೋಲಿಸಲು. ಅಷ್ಟರೊಳಗೆ ಜ್ವರ ಬಂದರೆ, ಮಂಪರಾದರೆ, ಹತ್ತಿರದ ಆಸ್ಪತ್ರೆಗೆ ಓಡಿ, ಮೊದಲು ಸಕ್ಕರೆ ನೋಡಿಸಿ, ಅಡ್ರಿನಲ್ ಅನುಮಾನ ಇದೆ ಎಂದು ಹೇಳಿ. ಮಗನಿಗೆ ಈ ಕಾಯಿಲೆ ಇದೆ ಎಂದಾದರೆ, ನಿಮ್ಮ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅದು ಬರುವ ಸಾಧ್ಯತೆ ಇರುತ್ತದೆ. ಏಳು ತಿಂಗಳ ಕೂಸು ಅತ್ತಾಗ ಕಣ್ಣೀರು ಬರುತ್ತದೆಯೇ ನೋಡಿ. ಬರದಿದ್ದರೆ ಅವಳನ್ನೂ ಅದೇ ದಿನ ತೋರಿಸಿ.