ಪೆಲೆಟ್ ಒಲೆಯಿಂದ ಮನೆಯೊಳಗೆ ಹೊಗೆ ಬರುತ್ತಿದೆ. ಫ್ಯಾನ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಶಿರಸಿ ಹತ್ತಿರದ ಮನೆ. ಹಳೇ ಅಸ್ತ್ರ ಒಲೆ ತೆಗೆಸಿ, ಆ ಜಾಗದಲ್ಲಿ ಫ್ಯಾನ್ ಇರುವ, ಪೆಲೆಟ್ (ಮರದ ಪುಡಿ, ಹೊಟ್ಟು ಇಂಥದ್ದನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ) ಉರಿಸುವ ಒಲೆ ಇಟ್ಟಿದ್ದೀರಿ. ಅದರ ಪೈಪನ್ನು ಹಳೇ ಒಲೆಯ ಸಿಮೆಂಟ್ ಪೈಪಿಗೇ ಸೇರಿಸಿದ್ದೀರಿ. ಡಿಸೆಂಬರ್ ಚಳಿಯಲ್ಲಿ ಚೆನ್ನಾಗಿ ಉರಿದ ಒಲೆ ಮಳೆಗಾಲ ಹಿಡಿದ ಮೇಲೆ ಮಂಕಾಗಿದೆ. ಒಲೆ ಬಾಗಿಲಿನ ಗಾಜು ಕಪ್ಪಾಗುತ್ತದೆ, ಕೋಣೆ ತುಂಬ ಹೊಗೆ ವಾಸನೆ, ಅಮ್ಮನಿಗೆ ತಲೆನೋವು. ಒಲೆ ಕೊಟ್ಟವರು ಫ್ಯಾನ್ ಹೋಗಿದೆ ಅಂತಿದ್ದಾರೆ.

ಫ್ಯಾನಿಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಒಲೆ ಹಚ್ಚುವುದನ್ನು ನಿಲ್ಲಿಸಿ. ಅಮ್ಮನ ತಲೆನೋವನ್ನು ಥಂಡಿ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ, ಹೊಗೆಯ ವಿಷಯವನ್ನೂ ಹೇಳಿ. ಸರಿಯಾಗಿ ಉರಿಯದ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಅದರ ಗುರುತು. ಈ ಅನಿಲಕ್ಕೆ ಅಲಾರಂ ಸಿಗುತ್ತದೆ. ಅದನ್ನು ತಂದು ಹಾಕಿದ ಮೇಲೆಯೇ ಮತ್ತೆ ಬೆಂಕಿ ಹಚ್ಚಿ. ಈ ಮಾತಿನಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ಈಗ ಒಲೆಗೆ ಬರೋಣ. ನಮ್ಮ ಮನೆಯಲ್ಲೂ ಇಂಥದ್ದೇ ಒಲೆ ಇದೆ. ಊರಲ್ಲಿ ಕೆಲವರ ಒಲೆ ಬಿಚ್ಚಿ ಜೋಡಿಸಿಯೂ ಕೊಟ್ಟಿದ್ದೇನೆ. ನಿಮ್ಮ ವಿವರ ಓದಿದರೆ ನನಗೆ ಮೊದಲ ಅನುಮಾನ ಬರುವುದು ಆ ಸಿಮೆಂಟ್ ಪೈಪಿನ ಮೇಲೆ.

ಕಾರಣ ಹೇಳುತ್ತೇನೆ. ಅಸ್ತ್ರ ಒಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆ ಉರಿಸಲಿಕ್ಕೆ ರೂಪಿಸಿದ್ದು. ಅದರಲ್ಲಿ ಫ್ಯಾನ್ ಇಲ್ಲ. ಬಿಸಿ ಹೊಗೆ ತಾನಾಗಿ ಮೇಲೇರುತ್ತದೆ, ಪೈಪು ಅದನ್ನು ಎಳೆದುಕೊಳ್ಳುತ್ತದೆ. ಜೋಡಣೆಯಲ್ಲಿ ಸಣ್ಣ ಸಂದು ಇದ್ದರೂ ಕೋಣೆಯ ಗಾಳಿ ಒಳಗೆ ಹೋಗುತ್ತದೆ, ಹೊಗೆ ಹೊರಗೆ ಬರುವುದು ಕಡಿಮೆ. ಹಾಗಾಗಿ ಮಣ್ಣು ಮೆತ್ತಿದರೂ ನಡೆಯುತ್ತಿತ್ತು. ಪೆಲೆಟ್ ಒಲೆಯ ಲೆಕ್ಕ ಬೇರೆ. ತೋಟದ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಸಕ್ಷನ್ ಪೈಪಿನಲ್ಲಿ ತೂತಾದರೆ ನೀರು ಸೋರುವುದಿಲ್ಲ, ಪಂಪು ಗಾಳಿ ಎಳೆಯುತ್ತದೆ. ಡೆಲಿವರಿ ಪೈಪಿನಲ್ಲಿ ತೂತಾದರೆ ನೀರು ಚಿಮ್ಮುತ್ತದೆ. ಹೊಗೆ ಎಳೆಯುವ ಫ್ಯಾನಿಗಿಂತ ಹಿಂದಿನದೆಲ್ಲ, ಅಂದರೆ ಬಾಗಿಲು, ಗಾಜು, ಬೂದಿ ತಟ್ಟೆ, ಎಲ್ಲ ಸಕ್ಷನ್. ಫ್ಯಾನ್ ದಾಟಿದ ಮೇಲಿನ ಪೈಪೆಲ್ಲ ಡೆಲಿವರಿ. ಅಲ್ಲಿ ಸೂಜಿಯಷ್ಟು ತೂತಿದ್ದರೂ ಹೊಗೆ ಮನೆಯೊಳಗೇ ಬರುತ್ತದೆ.

ನಿಮ್ಮಲ್ಲಿ ಎರಡು ತೊಂದರೆ ಇದೆ, ಅಲ್ವಾ? ಬೆಂಕಿ ಮಂಕು, ಮತ್ತು ಹೊಗೆ ವಾಸನೆ. ಸಕ್ಷನ್ ಕಡೆ ಸೋರಿದರೆ ಬೆಂಕಿ ಮಂಕಾಗುತ್ತದೆ, ಡೆಲಿವರಿ ಕಡೆ ಸೋರಿದರೆ ವಾಸನೆ ಬರುತ್ತದೆ. ಪೈಪು ಕಟ್ಟಿಕೊಂಡರೆ ಎರಡೂ ಒಟ್ಟಿಗೆ ಶುರುವಾಗುತ್ತವೆ. ನಿಮ್ಮದು ಅದೇ ಅಂತ ನನಗೆ ಅನಿಸುತ್ತದೆ. ಮಳೆಗಾಲದಲ್ಲಿ ತಣ್ಣಗಿನ ಸಿಮೆಂಟ್ ಪೈಪಿಗೆ ಹೊಗೆಯ ತೇವ ಅಂಟುತ್ತದೆ, ಅದಕ್ಕೆ ಮಸಿ ಮತ್ತು ಹಾರುಬೂದಿ ಕೂತು ಕೆಸರಾಗುತ್ತದೆ.

ಒಲೆ ಪೂರ್ತಿ ತಣಿದ ಮೇಲೆ, ಹಗಲಲ್ಲಿ, ಪೈಪಿನ ಪ್ರತಿ ಜೋಡಣೆಗೂ ಟಾರ್ಚ್ ಹಿಡಿದು ನೋಡಿ. ಸೋರುವ ಜಾಗದ ಕೆಳಗೆ ಚಹಾ ಬಣ್ಣದ ಗೆರೆ ಇಳಿದಿರುತ್ತದೆ. ಗೋಡೆಯ ಸುಣ್ಣದ ಮೇಲೂ ಕಂದು ನೆರಳು ಬಿದ್ದಿರುತ್ತದೆ. ಆಮೇಲೆ ಬೆಂಕಿ ಇಲ್ಲದೆ ಫ್ಯಾನ್ ಮಾತ್ರ ಓಡಿಸಿ, ಊದುಬತ್ತಿ ಹಚ್ಚಿ ಜೋಡಣೆಗಳ ಸುತ್ತ ನಿಧಾನ ಆಡಿಸಿ. ಸೋರುವ ಕಡೆ ಊದುಬತ್ತಿ ಹೊಗೆ ದೂರ ತಳ್ಳಿಸಿಕೊಳ್ಳುತ್ತದೆ. ಒಲೆಯ ಬಾಗಿಲಂಚಿಗೆ ಹಿಡಿದಾಗ ಹೊಗೆ ಒಳಗೆ ಎಳೆದುಕೊಂಡರೆ ಬಾಗಿಲಿನ ಗ್ಯಾಸ್ಕೆಟ್ (ಗಾಳಿ ನುಸುಳದಂತೆ ಅಂಚಿಗೆ ಕೂರಿಸಿದ ಪಟ್ಟಿ) ಸವೆದಿದೆ ಅಂತ ಅರ್ಥ. ಅದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಕಾಗದದ ಪಟ್ಟಿ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿಯಬೇಕು. ಸುಮ್ನೆ ಜಾರಿ ಬಂದರೆ ಆ ಹಗ್ಗದಂಥ ಗ್ಯಾಸ್ಕೆಟ್ ಬದಲಿಸಿ. ನಾಲ್ಕೂ ಅಂಚಿನಲ್ಲಿ ನೋಡಿ.

ಪೈಪಿಗೆ ನನ್ನ ಸಲಹೆ: ಸಿಮೆಂಟ್ ಪೈಪಿನ ಸಹವಾಸ ಬಿಟ್ಟುಬಿಡಿ. ಜೋಡಣೆಯಲ್ಲಿ ರಬ್ಬರಿನಂಥ ಸಿಲಿಕೋನ್ ಬಳೆ ಇರುವ ಸ್ಟೇನ್‌ಲೆಸ್ ಸ್ಟೀಲ್ ಪೈಪು ಒಲೆಯಿಂದ ತುದಿಯವರೆಗೆ ಒಂದೇ ಸಮ ಹೋಗಲಿ. ಬಳೆ ಇಲ್ಲದ ಕಡೆ 250 ಡಿಗ್ರಿ ತಡೆಯುವ ಹೈ ಟೆಂಪರೇಚರ್ ಸಿಲಿಕೋನ್ ಹಚ್ಚಿ. ಮೊಣಕೈ ಬೆಂಡ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಅಡ್ಡ ಹೋಗುವ ಪೈಪಿನಲ್ಲಿ ಬೂದಿ ಕೂರುತ್ತದೆ. ಅದು ಮೇಲಕ್ಕೆ ತಿರುಗುವ ಕಡೆ ಮುಚ್ಚಳ ಬಿಚ್ಚಿ ಬೂದಿ ತೆಗೆಯುವ, ಇಂಗ್ಲಿಷಿನ T ಆಕಾರದ ಪೈಪು ತುಂಡು ಹಾಕಿಸಿ. ಕಾರವಾರ, ಕುಮಟಾ, ಹೊನ್ನಾವರದ ಕಡೆಯವರು ಇದನ್ನು ಓದುತ್ತಿದ್ದರೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಹಳೇ ಸಿಮೆಂಟ್ ಪೈಪಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಕತ್ತರಿಸುವುದು, ಡ್ರಿಲ್ ಹಾಕುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಪೈಪಿನ ತುದಿಯನ್ನೂ ನೋಡಿ. ಹಕ್ಕಿ ಬರದಂತೆ ಹಾಕಿದ ಜಾಲರಿಗೆ ಮಸಿ ತುಂಬಿರಬಹುದು. ತುದಿ ಪಶ್ಚಿಮ ಗೋಡೆಯಲ್ಲಿದ್ದರೆ ಮಳೆಗಾಳಿ ನೇರ ಒಳಗೆ ನುಗ್ಗುತ್ತದೆ. ಗಾಳಿ ಜೋರಾದಾಗ ಮಾತ್ರ ಹೊಗೆ ಬಂದರೆ ಅದೇ ಕಾರಣ. ಪೈಪನ್ನು ಎತ್ತರಿಸಿ, ಗಾಳಿ ತಡೆಯುವ ಟೋಪಿ ಹಾಕಿಸಿ. ಒಲೆಗೆ ಗಾಳಿ ಎಳೆದುಕೊಳ್ಳುವ ಕೊಳವೆಯನ್ನಂತೂ ಮರೆಯಲೇಬೇಡಿ. ಒಂದು ಮನೆಯಲ್ಲಿ ಕುಂಬಾರ ಹುಳ ಅದರೊಳಗೆ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ತಂತಿಯಿಂದ ಕೆರೆದಾಗ ಒಣಮಣ್ಣು, ಹಸಿರು ಮರಿಹುಳ ಎಲ್ಲ ಉದುರಿದವು. ಬೆಂಕಿ ಅವತ್ತೇ ಸರಿಹೋಯಿತು.

ಇನ್ನೊಂದು ಪರೀಕ್ಷೆ ಇದೆ. ಸೋರುವುದನ್ನು ಸರಿಮಾಡಿ, ಅಲಾರಂ ಹಾಕಿದ ಮೇಲೆ ಒಲೆ ಹಚ್ಚಿ, ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ತೆರೆಯಿರಿ. ಬೆಂಕಿ ಚುರುಕಾಯಿತಾ? ಹಾಗಿದ್ದರೆ ಕೋಣೆಗೆ ಗಾಳಿ ಸಾಲುತ್ತಿಲ್ಲ. ಹಂಚಿನ ಮನೆಯಲ್ಲಿ ಈ ತೊಂದರೆ ಕಡಿಮೆ, ಹಂಚಿನ ಸಂದಿನಲ್ಲೇ ಗಾಳಿ ಬರುತ್ತದೆ. ತಾರಸಿ ಮನೆ, ಬಿಗಿ ಕಿಟಕಿ, ಅದರ ಮೇಲೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಬೇರೆ ಓಡುತ್ತಿದ್ದರೆ ಒಲೆಗೆ ಗಾಳಿ ಎಲ್ಲಿಂದ ಬರಬೇಕು? ಒಲೆಗೆ ಹೊರಗಿನಿಂದ ಪ್ರತ್ಯೇಕ ಗಾಳಿ ಕೊಳವೆ ಕೊಡಿಸಿ.

ಪೆಲೆಟ್ ಕೂಡ ನೋಡಿ. ಜುಲೈನಲ್ಲಿ ನಮ್ಮ ಕಡೆ ಹಪ್ಪಳವೇ ಮೆತ್ತಗಾಗುತ್ತದೆ, ಬಾಯಿ ಬಿಚ್ಚಿದ ಚೀಲದಲ್ಲಿರುವ ಪೆಲೆಟ್ ಉಳಿಯುತ್ತದಾ? ಒಂದನ್ನು ಮುರಿಯಿರಿ. ಚಟ್ ಅಂತ ಮುರಿಯಬೇಕು. ಬೆರಳಲ್ಲಿ ಪುಡಿಯಾದರೆ ತೇವ ಹಿಡಿದಿದೆ. ಮುಚ್ಚಳ ಬಿಗಿ ಇರುವ ಡ್ರಮ್‌ನಲ್ಲಿ ಇಡಿ. ಯುರೋಪಿನ ಎನ್‌ಪ್ಲಸ್ ಎ1 ದರ್ಜೆಯ ಪೆಲೆಟ್‌ನಲ್ಲಿ ತೇವ ನೂರಕ್ಕೆ 10, ಬೂದಿ 0.7 ದಾಟಬಾರದು. ಇಲ್ಲಿ ಸಿಗುವ ಶೇಂಗಾ ಸಿಪ್ಪೆ, ಹೊಟ್ಟಿನ ಪೆಲೆಟ್‌ನಲ್ಲಿ ಬೂದಿ ಜಾಸ್ತಿ. ಅದು ಕರಗಿ ಗಟ್ಟಿ ಕಿಟ್ಟವಾಗಿ, ಪೆಲೆಟ್ ಉರಿಯುವ ಬಟ್ಟಲಿನ ತೂತುಗಳನ್ನು ಮುಚ್ಚುತ್ತದೆ. ಅಂಥ ಪೆಲೆಟ್ ಬಳಸಿದರೆ ಬಟ್ಟಲನ್ನು ದಿನಾ ಕೆರೆಯಬೇಕು. ಮನೆಯಲ್ಲಿದೆ ಅಂತ ಅಡಿಕೆ ಸಿಪ್ಪೆ, ಕರಟ ತುಂಬಬೇಡಿ. ಆ ಒಲೆ ಅದಕ್ಕೆ ಮಾಡಿದ್ದಲ್ಲ.

ಇದೆಲ್ಲ ಆದ ಮೇಲೂ ಬೆಂಕಿ ಮಂಕಿದ್ದರೆ ಆಗ ಫ್ಯಾನ್ ಬಿಚ್ಚಿಸಿ. ರೆಕ್ಕೆಗೆ ಅಂಟಿದ ಮಸಿ ಕೆರೆದು ತೆಗೆದರೆ ಎಷ್ಟೋ ಸಲ ಅದೇ ಫ್ಯಾನ್ ಮತ್ತೆ ಸರಿಯಾಗಿ ಎಳೆಯುತ್ತದೆ.

ಕೊನೆಯದಾಗಿ ಕರೆಂಟಿನ ವಿಷಯ. ಉರಿಯುವಾಗ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಬಟ್ಟಲಿನ ಕೆಂಡ ಹೊಗೆಯಾಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗದ ದಿನ ಯಾವುದಿದೆ? ಒಲೆಯನ್ನು ಇನ್ವರ್ಟರ್ ಲೈನಿಗೆ ಕೊಡಿ. ಹೊತ್ತಿಸುವಾಗ ಮಾತ್ರ ನೂರಾರು ವ್ಯಾಟ್ ಬೇಕು, ಉರಿಯಲು ಶುರುವಾದ ಮೇಲೆ ಅಷ್ಟು ಬೇಡ. ಇನ್ವರ್ಟರ್ ಸೈನ್ ವೇವ್ ಇರಲಿ, ಇಲ್ಲದಿದ್ದರೆ ಮೋಟರ್ ಗುಂಯ್‌ಗುಡುತ್ತದೆ, ಒಲೆಯ ಎಲೆಕ್ಟ್ರಾನಿಕ್ ಬೋರ್ಡಿಗೂ ಒಳ್ಳೆಯದಲ್ಲ. ಫ್ಯಾನ್ ನಿಂತಾಗ ಒಲೆಯ ಬಾಗಿಲು ತೆರೆಯಬೇಡಿ, ಕೋಣೆಯ ಕಿಟಕಿ ತೆರೆಯಿರಿ. ಹೊಗೆ ಜಾಸ್ತಿಯಾದರೆ ಎಲ್ಲರೂ ಹೊರಗೆ ಬನ್ನಿ.

ಒಲೆ ಪೈಪು ಸಿಮೆಂಟ್ ಪೈಪಿಗೆ ಸೇರುವ ಜಾಗದ ಫೋಟೋ ಒಂದು ಹಾಕಿ. ಹೊರಗಿನ ತುದಿ ಯಾವ ದಿಕ್ಕಿಗಿದೆ, ಎಷ್ಟು ಬೆಂಡ್ ಇದೆ ಅಂತಲೂ ಬರೆಯಿರಿ. ಎಷ್ಟು ಪೈಪು ಬೇಕಾಗುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.