ಹೈಫಾದಾಚೆ ಹರಿತಾನ್

ಮಾನ್ಯರೇ,

ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಅಶ್ವದಳ) ಸ್ಮಾರಕದ ಕುರಿತ ನಮ್ಮ ಲೇಖನವನ್ನು ಓದಿ, ಬ್ರಿಟಿಷರಿಗಾಗಿ ಕಾದಾಡಿದವರನ್ನು ನಾವೇಕೆ ನೆನೆಯಬೇಕು, ಮೊದಲ ಮಹಾಯುದ್ಧದಲ್ಲಿ ತುರ್ಕರ ವಶದಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾದಲ್ಲಿ ಮಡಿದವರು ಎಂಟೇ ಮಂದಿಯಲ್ಲವೇ ಎಂದು ತಾವು ಕೇಳಿದ್ದೀರಿ.

ಜೊತೆಗೆ ಕಾದಾಡಿದ ಜೋಧಪುರ ಸಂಸ್ಥಾನದ ಸವಾರರನ್ನೂ ಸೇರಿಸಿ ಎಂಟು ಎಂಬುದು ಸರಿ. 1918ರ ಸೆಪ್ಟೆಂಬರ್ 23ರಂದು, ಕಿಶೋನ್ ನದಿಯ ದಡದ ಕೆಸರಿನಲ್ಲಿ ಕುದುರೆಗಳು ಹೂತುಹೋಗುವಂತಿದ್ದುದರಿಂದ ಜೋಧಪುರದ ಸವಾರರು ಗುಂಡಿನ ಸುರಿಮಳೆಯ ನಡುವೆಯೇ ಎಡಕ್ಕೆ ಹೊರಳಿ ಕಾರ್ಮೆಲ್ ಬೆಟ್ಟದ ಬುಡಕ್ಕೆ ನುಗ್ಗಿದರು. ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಕಡಿದಾದ ದಾರಿ ಹಿಡಿದಿದ್ದ ಮೈಸೂರಿನ ತುಕಡಿಯಲ್ಲಿ ಎಷ್ಟೋ ಕುದುರೆಗಳು ದಣಿದು ಹಿಂದುಳಿದು, ಮೇಲೇರಿ ಹೋಗುವ ಹೊತ್ತಿಗೆ ಬೆರಳೆಣಿಕೆಯ ಸವಾರರಷ್ಟೇ ಉಳಿದಿದ್ದರು. ಆ ದಿನ ಸತ್ತ ಕುದುರೆಗಳೇ 60. ಸಂಜೆಯೊಳಗೆ ಊರು ಕೈವಶವಾಯಿತು. ಎದುರಾಳಿ ಪಡೆಯ ಸಾವಿರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಎದುರು ಇಂದು ಸಮಾರಂಭಗಳು ನಡೆಯುವುದು ಈ ಗೆಲುವಿನ ನೆನಪಿಗೆ.

ಆದರೆ ಎಂಟು ಎಂಬ ಆ ಅಂಕಿಯಲ್ಲಿ ಈ ಸವಾರರು ತೆತ್ತ ಬೆಲೆ ಕಾಣುವುದಿಲ್ಲ. ಹೈಫಾದ ಬಳಿಕ ಅದೇ ದಳ ಉತ್ತರಕ್ಕೆ ಸಾಗಿತು. ದಾರಿಯಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಜ್ವರಗಳು ಇಡೀ ಅಶ್ವಸೈನ್ಯವನ್ನು ಹಣ್ಣುಮಾಡಿದವು. ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ನಗರದ ಆಚೆಯ ಹರಿತಾನ್ ಗ್ರಾಮದ ಬಳಿ, ಫಿರಂಗಿಯ ಬೆಂಬಲವಿಲ್ಲದೆ, ತಮಗಿಂತ ಎಷ್ಟೋ ಪಾಲು ದೊಡ್ಡದಾಗಿದ್ದ ತುರ್ಕಿ ಪಡೆಯ ಮೇಲೆ ಮೈಸೂರು ಮತ್ತು ಜೋಧಪುರದ ಸವಾರರು ಏರಿಹೋದರು. 21 ಮಂದಿ ಮಡಿದರು, 56 ಮಂದಿ ಗಾಯಗೊಂಡರು. ಐದೇ ದಿನಗಳಲ್ಲಿ, ಅಕ್ಟೋಬರ್ 31ರಂದು, ತುರ್ಕಿಯೊಡನೆ ಕದನವಿರಾಮ ಜಾರಿಗೆ ಬಂತು. ಹರಿತಾನಿನ ಹೆಸರನ್ನು ಕೇಳಿದವರು ನಮ್ಮಲ್ಲಿ ತೀರಾ ವಿರಳ. ನನ್ನನ್ನು ಹೆಚ್ಚು ಕಾಡುವುದು ಇದೇ.

ಇನ್ನು ತಮ್ಮ ಮೊದಲ ಪ್ರಶ್ನೆ. ಯುದ್ಧಕ್ಕೆ ಪಡೆ ಕಳಿಸುವ ತೀರ್ಮಾನ ಅರಮನೆಯದು; ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟದ್ದೂ ಸಂಸ್ಥಾನವೇ. ಸವಾರನಿಗೆ ಅದು ಹೊಟ್ಟೆಪಾಡಿನ ನೌಕರಿ. ಸಾಮ್ರಾಜ್ಯವನ್ನು ಒಪ್ಪದೆಯೂ ಅವನ ಸಾವಿಗೆ ಮರುಗಬಹುದು ಎಂದೇ ನಾನು ನಂಬಿದ್ದೇನೆ. ಸ್ಮಾರಕದ ಮುಂದೆ ಹೂವಿಡುವವರನ್ನು ಬ್ರಿಟಿಷರ ಪಕ್ಷದವರೆಂದು ತಾವು ಬರೆದಿರುವುದನ್ನು ಆದ್ದರಿಂದ ಒಪ್ಪಲಾರೆ.

ಹರಿತಾನ್ ಕದನದ ಕುರಿತು ಅಕ್ಟೋಬರ್ ಸಂಚಿಕೆಯಲ್ಲಿ ಪ್ರತ್ಯೇಕ ಲೇಖನ ಬರಲಿದೆ. ಆ ಸವಾರರ ಪದಕ, ಪತ್ರ, ಪಿಂಚಣಿ ಕಾಗದ ಇಟ್ಟುಕೊಂಡಿರುವ ಕುಟುಂಬಗಳು ತಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ನಮಗೆ ತಿಳಿಸಿ.

— ಸಂಪಾದಕ