ಆ ಕಯೋಲಿನೈಟ್ ಎಲ್ಲಿಂದ ಬಂತು, ತಮ್ಮಾ?

ತಮ್ಮಾ, ಹಿಮನದಿ ಬಿಟ್ಟುಹೋದ ಮಣ್ಣಿನ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ವಿಜಯಪುರದ ಬಿಸಿಲಲ್ಲಿ ಕೂತು ಇಂಥ ವಿಷಯ ಆರಿಸಿಕೊಂಡಿದ್ದೀಯ, ಖುಷಿ ಆಯ್ತು. ಭಾಷೆಯೂ ಚೆನ್ನಾಗಿದೆ. ಆದರೆ ಎರಡನೇ ಪುಟಕ್ಕೆ ಬಂದಾಗ ನಿಜಕ್ಕೂ ಸಿಟ್ಟು ಬಂತು.

"ಈ ಪದರದಲ್ಲಿ ಕಯೋಲಿನೈಟ್ ಇದೆ, ಆದ್ದರಿಂದ ಆಗ ಇಲ್ಲಿ ಬಿಸಿ ಹವೆ, ಜಾಸ್ತಿ ಮಳೆ ಇತ್ತು" ಅಂತ ಬರೆದಿದ್ದೀಯ. ಹಿಂದಿನ ಸಾಲಲ್ಲೇ ಇದು ಹಿಮನದಿಯ ಮಣ್ಣು ಅಂದಿದ್ದೆ, ಅಲ್ವಾ? ಕಯೋಲಿನೈಟ್ ಅನ್ನೋ ಜೇಡಿಮಣ್ಣಿನ ಖನಿಜ ಬಿಸಿ, ಮಳೆ ಇರುವ ಕಡೆ ಹುಟ್ಟುತ್ತದೆ ಅನ್ನೋದು ಸರಿ. ಖಾನಾಪುರದ ಕಡೆಯ ಜಂಬಿಟ್ಟಿಗೆಯಲ್ಲೂ ಅದೇ ಇದೆ. ಆದರೆ ಹಿಮನದಿ ದಾರಿಯಲ್ಲಿ ಸಿಕ್ಕ ಬಂಡೆ, ಹಳೇ ಮಣ್ಣು ಎಲ್ಲವನ್ನೂ ಕೆರೆದು, ಅರೆದು, ಹೊತ್ತು ತರುತ್ತದೆ, ಆ ಚಳಿಯಲ್ಲಿ ಖನಿಜ ಬದಲಾಗೋದು ತೀರಾ ನಿಧಾನ, ಹಾಗಾಗಿ ಅದು ಹುಟ್ಟೂರಿನ ಗುರುತು ಉಳಿಸಿಕೊಂಡೇ ಬರುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ ಇಲೈಟ್ ಅನ್ನೋ ಇನ್ನೊಂದು ಜೇಡಿ ಖನಿಜ ಜಾಸ್ತಿ ಇದ್ದರೆ ಮಿಷಿಗನ್ ಸರೋವರದ ಕಡೆಯಿಂದ ಬಂದ ಹಿಮ, ನೀರು ಕುಡಿದು ಉಬ್ಬುವ ಸ್ಮೆಕ್ಟೈಟ್ (ನಿಮ್ಮ ಎರೆ ಹೊಲದಲ್ಲಿರೋದೇ) ಜಾಸ್ತಿ ಇದ್ದರೆ ಪಶ್ಚಿಮದಿಂದ ಬಂದ ಹಿಮ ಅಂತ ಗುರುತಿಸಿದ್ದು ಇದೇ ಕಾರಣಕ್ಕೆ. ನಿನ್ನ ಲೇಖನದ ಜೀವ ಇದು. ಅದನ್ನೇ ಬಿಟ್ಟಿದ್ದೀಯ.

ಮುಂದಿನ ಸಾಲು: "ಎಕ್ಸ್-ರೇ ಪರೀಕ್ಷೆಯಲ್ಲಿ 7 ಆಂಗ್‌ಸ್ಟ್ರಾಮ್ ಹತ್ತಿರ ಶಿಖರ ಕಂಡಿತು, ಕಯೋಲಿನೈಟ್ ಖಚಿತ." ಎಲ್ಲಿ ಖಚಿತ? ಆ ಶಿಖರ ಹೇಳೋದು ಖನಿಜದೊಳಗಿನ ಪದರಗಳ ಅಂತರ ಮಾತ್ರ, ಆಂಗ್‌ಸ್ಟ್ರಾಮ್ ಅದರ ಅಳತೆ. ಕ್ಲೋರೈಟ್ ಅನ್ನೋ ಬೇರೆ ಖನಿಜದ್ದೂ ಒಂದು ಶಿಖರ ಅಲ್ಲೇ ಬರುತ್ತದೆ. ಮಾದರಿಯನ್ನು 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ದರಾ? ಹಾಗೆ ಕಾಯಿಸಿದರೆ ಕಯೋಲಿನೈಟಿನ ಶಿಖರ ಅಳಿಸಿಹೋಗುತ್ತದೆ. 14 ಆಂಗ್‌ಸ್ಟ್ರಾಮ್ ಹತ್ತಿರದ ಶಿಖರ ಉಳಿದರೆ ಅಲ್ಲಿ ಕ್ಲೋರೈಟ್ ಇದೆ, ಆಗ ಆ 7 ಯಾರದು ಅಂತ ಮತ್ತೆ ಕೇಳಬೇಕು. ಸುಮ್ನೆ ಖಚಿತ ಅನ್ನಬೇಡ.

ನಾನು ಬಾಗಲಕೋಟೆಯ ಸಣ್ಣ ಪತ್ರಿಕೆಯೊಂದಕ್ಕೆ ಸೇರಿದ ವರ್ಷ ಕೂಡಲಸಂಗಮದ ದಂಡೆಯ ಕಪ್ಪು ಮಣ್ಣಿನ ಬಗ್ಗೆ ಬರೆದಿದ್ದೆ. ಅದು ಇಲ್ಲಿಯ ಹವೆಯ ಕೂಸು ಅಂದಿದ್ದೆ. ಹಿರಿಯ ಸಂಪಾದಕರು ಬಯ್ಯಲಿಲ್ಲ. ಆ ಸಾಲಿನ ಪಕ್ಕ ಕೆಂಪು ಪೆನ್ನಲ್ಲಿ "ಕೃಷ್ಣೆ ಎಲ್ಲಿಂದ ಬರುತ್ತಾಳೆ?" ಅಂತ ಬರೆದು ಹಾಳೆ ವಾಪಸ್ ಕೊಟ್ಟರು. ಮಹಾಬಲೇಶ್ವರದಿಂದ ಬಸಾಲ್ಟ್ ಅನ್ನೋ ಕಪ್ಪು ಬಂಡೆಯ ಸೀಮೆಯನ್ನು ತೊಳೆದುಕೊಂಡು ಬರುವ ಹೊಳೆ ಅದು. ದಿನಾ ಅದರ ದಂಡೆಯಲ್ಲಿ ಓಡಾಡುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಆ ಹಾಳೆ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ.

ನಕ್ಷೆ ಬಿಡಿಸಿ ನೋಡು, ಆ ಹಿಮ ಯಾವ ಬಂಡೆಗಳ ಮೇಲಿಂದ ಬಂದಿರಬಹುದು ಅಂತ ಹುಡುಕು, ಎರಡೂ ಸಾಲು ಹೊಸದಾಗಿ ಬರೆದು ಕಳಿಸು. ಸಂಚಿಕೆಗೆ ಇನ್ನೂ ಹತ್ತು ದಿನ ಇದೆ, ಜಾಗ ಇಟ್ಟಿರುತ್ತೇನೆ.